ಮೆಲ್ರೋಸ್‌ನಲ್ಲಿ ಠಿಕಾಣಿ

ಸ್ಕಾಟ್‌ಲೆಂಡಿನ ಎಡಿನ್‌ಬರೋದಿಂದ ರೈಲು ಹತ್ತಿದರೆ ಟ್ವೀಡ್‌ಬ್ಯಾಂಕ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿಗೆ ಹಳಿಯೇ ಮುಗಿಯಿತು. 1969ರಲ್ಲಿ ಮುಚ್ಚಿದ್ದ ಮಾರ್ಗ, ಇಷ್ಟು ದೂರದವರೆಗೆ ಮತ್ತೆ ಓಡಲು 2015 ಬರಬೇಕಾಯಿತಂತೆ. ಅಲ್ಲಿಂದ ಮೆಲ್ರೋಸ್‌ಗೆ ನಡೆದೇ ಬಂದೆವು.

ಪುಟ್ಟ ಊರು. ಸಂಜೆ ಐದಕ್ಕೆಲ್ಲ ಅಂಗಡಿ ಬಾಗಿಲು ಹಾಕುತ್ತಾರೆ, ಬೆಳಕು ಮಾತ್ರ ಜೂನ್‌ನಲ್ಲಿ ರಾತ್ರಿ ಹತ್ತಾದರೂ ಹೋಗುವುದಿಲ್ಲ. ಇನ್ನೇನು ಮಾಡೋಣ, ಮಠದ ಸುತ್ತ ಒಂದು ಸುತ್ತು.

1136ರಲ್ಲಿ ದೊರೆ ಒಂದನೇ ಡೇವಿಡ್ ಸಿಸ್ಟರ್ಸಿಯನ್ ಅನ್ನುವ ಕ್ರೈಸ್ತ ಪಂಥದ ಸನ್ಯಾಸಿಗಳನ್ನು ಕರೆಸಿ ಕಟ್ಟಿಸಿದ್ದು. ಇಂಗ್ಲೆಂಡಿನ ಸೈನ್ಯ ಸುಟ್ಟು, ಮತ್ತೆ ಕಟ್ಟಿ, ಈಗ ಚಾವಣಿಯಿಲ್ಲದ ಕೆಂಗಲ್ಲಿನ ಗೋಡೆಗಳು. ಮೇಲೊಂದು ಕಡೆ ಬ್ಯಾಗ್‌ಪೈಪ್ ಊದುವ ಹಂದಿಯ ಶಿಲ್ಪವಿದೆ! ಅಷ್ಟು ಎತ್ತರದಲ್ಲಿ ಯಾರು ನೋಡಲಿ ಅಂತ ಕೆತ್ತಿದನೋ ಪುಣ್ಯಾತ್ಮ. ಕತ್ತು ನೋಯುವವರೆಗೂ ನೋಡಿದೆ.

ರಾಬರ್ಟ್ ಬ್ರೂಸ್ ದೊರೆಯ ದೇಹ ಇರುವುದು ಡನ್‌ಫರ್ಮ್‌ಲಿನ್‌ನಲ್ಲಿ, ಹೃದಯ ಇಲ್ಲಿ ಅನ್ನುತ್ತಾರೆ. 1996ರಲ್ಲಿ ಅಗೆದಾಗ ಸೀಸದ ಪೆಟ್ಟಿಗೆ ಸಿಕ್ಕಿತು, ಅದರೊಳಗೆ ಇನ್ನೊಂದು. ಒಳಗಿನದನ್ನು ಬಿಚ್ಚದೆಯೇ 1998ರಲ್ಲಿ ಮತ್ತೆ ಹೂತರು. ಎಲ್ಲವನ್ನೂ ಕೆದಕಿ ನೋಡುವ ಕಾಲದಲ್ಲಿ ಇವರು ಹಾಗೇ ಬಿಟ್ಟರಲ್ಲ, ಅದು ನನಗೆ ಮಠಕ್ಕಿಂತ ಹಿಡಿಸಿತು.

ಅಂದಹಾಗೆ, ಏಳೇ ಜನ ಆಡುವ ರಗ್ಬಿ 1883ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ಐಡಿಯಾ ಕೊಟ್ಟವನು ನೆಡ್ ಹೇಗ್ ಅನ್ನುವ ಕಸಾಯಿಯವನು.

ನಾಳೆ ಈಲ್ಡನ್ ಗುಡ್ಡಗಳು. ಇರುವ ಮೂರರಲ್ಲಿ ಒಂದು ಹತ್ತಿದರೆ ಸಾಲದಾ ಅಂತ ನಮ್ಮ ಮನೆಯವರು ಈಗಲೇ ಚೌಕಾಸಿಗಿಳಿದಿದ್ದಾರೆ.