ಒಂದು ಶನಿವಾರ, ಏಳು ತಲೆಮಾರು

ಬೆಳಿಗ್ಗೆ ಮೇಜಿನ ಮೇಲೆ ಇದ್ದದ್ದು 1850ರ ಅಮೆರಿಕದ ಜನಗಣತಿಯ ಒಂದೇ ಹಾಳೆ. ಓಹಾಯೋದ ಒಂದು ಹಳ್ಳಿ. ಯಜಮಾನನಿಗೆ 52 ವರ್ಷ, ರೈತ, ಹುಟ್ಟಿದ್ದು ವರ್ಮಾಂಟ್‌ನಲ್ಲಿ. ಹೆಂಡತಿಗೆ 47, ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. ಮಕ್ಕಳು ಐವರು. ಎಲ್ಲರಿಗಿಂತ ಕೆಳಗಿನ ಸಾಲಿನಲ್ಲಿ ಅದೇ ಮನೆತನದ ಹೆಸರಿನ ಒಬ್ಬ ಅಜ್ಜಿ, 76 ವರ್ಷ, ಹುಟ್ಟೂರು ಇರುವ ರಾಜ್ಯ ಮ್ಯಾಸಚೂಸೆಟ್ಸ್. ಮನೆತನದ ಹೆಸರು ಇಲ್ಲಿ ಬೇಡ. ಆ ಮನೆತನದ ಈಗಿನವರಿಗೆ ಬೇಕಾಗಿದ್ದದ್ದು ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಮೂಲಪುರುಷನ ತನಕದ ದಾರಿ. ಬೇರೆ ದಾಖಲೆಗಳ ಪ್ರತಿಗಳನ್ನೂ ಮೊದಲೇ ತರಿಸಿ ಇಟ್ಟುಕೊಂಡಿದ್ದರಿಂದ ಅವತ್ತಿನ ಕೆಲಸ ಹುಡುಕುವುದಲ್ಲ, ಹೊಂದಿಸುವುದು.

ವಂಶದ ಬೇರು ಹುಡುಕುವ ಈ ಕೆಲಸಕ್ಕೆ ಹೊಸದಾಗಿ ಕೈಹಾಕಿದವರಿಗೆಲ್ಲ 1600ರ ಕಾಲ ಅಂದರೆ ಭಯ. ಅಷ್ಟು ಹಳೆಯದು ಎಲ್ಲಿ ಸಿಗುತ್ತೆ ಅಂತ. ನಿಜವಾಗಿ ಕೈಕೊಡುವುದು 1780ರಿಂದ 1850ರ ನಡುವಿನ ಕಾಲ. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಸುತ್ತಿನ ಈಶಾನ್ಯ ಅಮೆರಿಕದ, ಊರುಗಳಲ್ಲಿ 1630–40ರ ದಶಕಗಳಿಂದಲೇ ಟೌನ್ ಕ್ಲರ್ಕ್ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದ. ಮುಂದೆ ಹೊಲ ಪಾಲಾಗಿ ಪಾಲಾಗಿ ಸಣ್ಣದಾಯಿತು, 1816ರಲ್ಲಿ ಬೇಸಿಗೆಯೇ ಇಲ್ಲದೆ ಬೆಳೆ ಹೋಯಿತು, 1825ರಲ್ಲಿ ಪಶ್ಚಿಮಕ್ಕೆ ದಾರಿ ಮಾಡಿಕೊಟ್ಟ ಈರಿ ಕಾಲುವೆ ತೆರೆಯಿತು. ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆದರು, ಬರೆಯುವ ಕ್ಲರ್ಕ್ ಹಿಂದೆಯೇ ಉಳಿದ. ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟುಸಾವಿನ ನೋಂದಣಿ ಸರಿಯಾಗಿ ಶುರುವಾದದ್ದೇ 1880ರ ದಶಕದಲ್ಲಿ. ನಮ್ಮ ಉತ್ತರ ಕರ್ನಾಟಕದ ಹಾಗೆ ಎತ್ತಿನ ಮೇಲೆ ಬಂದು ತಲೆಮಾರು ಓದಿ ಹೇಳುವ ಹೆಳವರು ಅಲ್ಲಿಲ್ಲ. ಊರು ಬಿಟ್ಟವನ ಜೊತೆಗೆ ನೆನಪೂ ಊರು ಬಿಟ್ಟಿತು.

ಮೊದಲು ಸಂಖ್ಯೆ ಹಾಕಿಕೊಳ್ಳಬೇಕು. ಓಹಾಯೋದ ಯಜಮಾನ 1, ಅವನ ಅಪ್ಪ 2, ಅಮ್ಮ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದರೆ ಅಮ್ಮ. ಗಂಡಸರ ಸಾಲು 1, 2, 4, 8, 16, 32, 64. ಒಂದೇ ಹೆಸರಿನ ನಾಲ್ಕು ಜನ ಒಂದೇ ಊರಿನಲ್ಲಿ ಸಿಕ್ಕಾಗ ಈ ಸಂಖ್ಯೆ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆ ಕೆಡುತ್ತದೆ.

ಇನ್ನು ಆ ಹಾಳೆ. 19 ವರ್ಷದ ಮಗ ನ್ಯೂಯಾರ್ಕ್‌ನಲ್ಲಿ ಹುಟ್ಟಿದವನು, 16ರ ಮಗಳು ಓಹಾಯೋದಲ್ಲಿ. ಅಂದರೆ ಸಂಸಾರ ಬಂದದ್ದು 1831 ಮತ್ತು 1834ರ ನಡುವೆ. ಹಾಗಾಗಿ 1830ರ ಗಣತಿಗೆ ನ್ಯೂಯಾರ್ಕ್ ನೋಡಬೇಕು, 1840ಕ್ಕೆ ಓಹಾಯೋ. ಅಜ್ಜಿ ಯಜಮಾನನ ತಾಯಿ ಅಂತ ಅನ್ನಿಸುವುದು ಸಹಜ. ಆದರೆ 1850ರ ಗಣತಿ ಸಂಬಂಧ ಬರೆಯುವುದಿಲ್ಲ. ಯಾರು ಯಾರಿಗೆ ಏನಾಗಬೇಕು ಎಂಬ ಕಲಂ ಬಂದದ್ದು 1880ರಲ್ಲಿ. ಅಜ್ಜಿ ಮಲತಾಯಿಯಾಗಿರಬಹುದು, ಚಿಕ್ಕಪ್ಪನ ಹೆಂಡತಿಯಾಗಿರಬಹುದು. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘3?’ ಅಂತ ಬರೆದು ಮುಂದೆ ಹೋಗಬೇಕು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸುವ ಆತುರದಿಂದಲೇ ಇಂಟರ್ನೆಟ್ಟಿನಲ್ಲಿರುವ ವಂಶವೃಕ್ಷಗಳಲ್ಲಿ ಅರ್ಧಕ್ಕರ್ಧ ತಪ್ಪು ಹುಟ್ಟುವುದು ಅನ್ನಿಸುತ್ತದೆ. ಒಬ್ಬ ಊಹಿಸಿ ಹಾಕುತ್ತಾನೆ, ನೂರು ಜನ ನಕಲು ಮಾಡುತ್ತಾರೆ, ಆಮೇಲೆ ಆ ನೂರೇ ಸಾಕ್ಷಿಯಾಗುತ್ತದೆ.

1790ರಿಂದ 1840ರ ತನಕದ ಗಣತಿಗಳಲ್ಲಿ ಹೆಸರು ಯಜಮಾನನದು ಮಾತ್ರ. ಉಳಿದವರು ವಯಸ್ಸಿನ ಕಲಂಗಳಲ್ಲಿ ಬರೀ ಲೆಕ್ಕ. 1800 ಮತ್ತು 1810ರಲ್ಲಂತೂ 45 ದಾಟಿದವರೆಲ್ಲ ಒಂದೇ ಕಲಂ. ಆದರೆ 1840ರಲ್ಲಿ ಗಣತಿದಾರರಿಗೆ ಒಂದು ಕೆಲಸ ಹೆಚ್ಚಿಗೆ ಕೊಟ್ಟಿದ್ದರು: ಸೈನ್ಯದ ಪಿಂಚಣಿ ಪಡೆಯುವವರ ಹೆಸರು ಮತ್ತು ವಯಸ್ಸು ಬರೆಯಬೇಕು. ಅದಿರುವುದು ಹಾಳೆಯ ಎರಡನೇ ಬದಿಯಲ್ಲಿ. ಮೊದಲ ಬದಿಯ ಚಿತ್ರ ಇಳಿಸಿಕೊಂಡು ಮುಗಿಯಿತು ಅಂದುಕೊಳ್ಳುವವರೇ ಬಹಳ. ಎರಡನೇ ಬದಿ ತೆರೆದು ಅದೇ ಸಾಲಿನ ಗುಂಟ ಬಲಕ್ಕೆ ಹೋದರೆ ನಮ್ಮ ಯಜಮಾನನ ಮನೆಯಲ್ಲಿ ಒಬ್ಬ ಪಿಂಚಣಿದಾರ, 79 ವರ್ಷ, ಅದೇ ಮನೆತನದವನು. 1761ರ ಸುಮಾರಿಗೆ ಹುಟ್ಟಿದವನು, ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ 14ರ ಹುಡುಗ.

ಅಲ್ಲಿಂದ ಪಿಂಚಣಿ ಕಡತ. ಮೂಲಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಚಿತ್ರಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಕಡತದ ಸಂಖ್ಯೆಯ ಮುಂದಿನ ಅಕ್ಷರ ನೋಡಿ: ‘ಎಸ್’ ಇದ್ದರೆ ಸೈನಿಕನದು, ‘ಡಬ್ಲ್ಯೂ’ ವಿಧವೆಯದು, ‘ಆರ್’ ತಿರಸ್ಕೃತವಾದದ್ದು. ತಿರಸ್ಕೃತ ಅಂತ ಬಿಟ್ಟುಬಿಡಬೇಡಿ. ಸಾಬೀತು ಮಾಡಲಾಗದೆ ಒದ್ದಾಡಿದವನೇ ಹೆಚ್ಚು ಕಾಗದ ಕೊಟ್ಟಿರುತ್ತಾನೆ. 1832ರ ಕಾಯಿದೆಯಡಿ ಅರ್ಜಿ ಹಾಕಿದವರಿಗೆ ನ್ಯಾಯಾಲಯದಲ್ಲಿ ಏಳು ಪ್ರಶ್ನೆ ಕೇಳುತ್ತಿದ್ದರು. ಎಲ್ಲಿ, ಯಾವ ವರ್ಷ ಹುಟ್ಟಿದೆ. ವಯಸ್ಸಿಗೆ ದಾಖಲೆ ಇದೆಯೇ. ಸೈನ್ಯಕ್ಕೆ ಸೇರುವಾಗ ಎಲ್ಲಿದ್ದೆ. ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿ ಇದ್ದೆ, ಹೀಗೆ. ಈ ಕೊನೆಯದಕ್ಕೆ ಮುದುಕ ಕೊಟ್ಟ ಉತ್ತರ ಎರಡೇ ಸಾಲು. ಮ್ಯಾಸಚೂಸೆಟ್ಸ್‌ನ ಊರು, ವರ್ಮಾಂಟ್‌ನ ಊರು, ನ್ಯೂಯಾರ್ಕ್‌ನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಈಗ ಇಲ್ಲಿ. ಸುಮಾರು ಐವತ್ತು ವರ್ಷದ ದಾರಿ ಎರಡು ಸಾಲಿನಲ್ಲಿ.

ನಮ್ಮ ಕಡತ ‘ಡಬ್ಲ್ಯೂ’. ಗಂಡ ತೀರಿಕೊಂಡ ಮೇಲೆ ಅಜ್ಜಿ ಅರ್ಜಿ ಹಾಕಿದ್ದಳು. 1838ರ ಕಾಯಿದೆ ಪ್ರಕಾರ 1794ರ ಜನವರಿ 1ಕ್ಕೆ ಮೊದಲು ಮದುವೆಯಾದ ವಿಧವೆಗೆ ಪಿಂಚಣಿ. ಮದುವೆ ಆಗಿತ್ತು ಅಂತ ತೋರಿಸಬೇಕಲ್ಲ? ಅದಕ್ಕೆ ಮನೆಯ ಬೈಬಲ್ಲಿನಿಂದ ಹಾಳೆಯನ್ನೇ ಹರಿದು ಕಳಿಸಿದ್ದಾಳೆ. ಬೈಬಲ್ ಎಲ್ಲಿ ಹೋಯಿತೋ, ಹಾಳೆ ಸರ್ಕಾರದ ಕಡತದಲ್ಲಿ ಉಳಿಯಿತು. 1793ರ ಮದುವೆ, ಕೆಳಗೆ ಎಂಟು ಮಕ್ಕಳು, ಮೂರನೆಯವನು 1798ರಲ್ಲಿ ಹುಟ್ಟಿದ ನಮ್ಮ ಯಜಮಾನ. ‘3’ರ ಪಕ್ಕದ ಪ್ರಶ್ನೆ ಅಳಿಸಬಹುದು. ಹಾಗಂತ ಬೈಬಲ್ಲಿನ ಹಾಳೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಮುಖಪುಟ ಸಿಕ್ಕರೆ ಅಚ್ಚಾದ ವರ್ಷ ನೋಡಬೇಕು. 1820ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1793ರ ಮದುವೆ ಇದ್ದರೆ ಅದು ಆಮೇಲೆ ನೆನಪಿನಿಂದಲೋ ಬೇರೆ ಕಾಗದದಿಂದಲೋ ಇಳಿಸಿದ್ದು. ಎಂಟು ಮಕ್ಕಳ ಹುಟ್ಟೂ ಒಂದೇ ಶಾಯಿ, ಒಂದೇ ಕೈಬರಹವಾದರೂ ಹಾಗೆಯೇ. ನಮ್ಮ ಹಾಳೆಯಲ್ಲಿ ಶಾಯಿ ನಾಲ್ಕು ಬಗೆ, ಆರನೇ ಮಗುವಿನಿಂದ ಅಕ್ಷರವೇ ಬೇರೆ. ಆಗಾಗ ಬರೆದದ್ದು. ಒಳ್ಳೆಯದು.

ವರ್ಮಾಂಟ್‌ನಲ್ಲಿ ಇನ್ನೊಂದು ಸ್ವಾರಸ್ಯದ ದಾಖಲೆ. ಊರಿಗೆ ಹೊಸದಾಗಿ ಬಂದವರು ನಾಳೆ ಬಡವರಾಗಿ ಊರಿನ ಖರ್ಚಿಗೆ ಬೀಳಬಾರದು ಎಂದು ಊರಿನವರು ಮೊದಲೇ ‘ಊರು ಬಿಡಿ’ ಅಂತ ನೋಟಿಸ್ ಕೊಡುತ್ತಿದ್ದರು. ನಿಜಕ್ಕೂ ಓಡಿಸುತ್ತಿದ್ದದ್ದು ಅಪರೂಪ, ಹೊಣೆ ತಪ್ಪಿಸಿಕೊಳ್ಳುವ ಕಾಗದ ಅಷ್ಟೆ. ಎಷ್ಟೋ ನೋಟಿಸುಗಳಲ್ಲಿ ಹೆಂಡತಿ ಮಕ್ಕಳ ಹೆಸರು, ಯಾವ ಊರಿಂದ ಬಂದರು ಎಂಬುದೂ ಇರುತ್ತದೆ. ಪೂರ್ವಿಕರು ಅನುಭವಿಸಿದ ಅವಮಾನ ನಮಗೆ ಲಾಭ.

ಮಧ್ಯಾಹ್ನ ಮ್ಯಾಸಚೂಸೆಟ್ಸ್. ಇಲ್ಲಿ 1850ರ ತನಕದ ಹುಟ್ಟು, ಮದುವೆ, ಸಾವುಗಳನ್ನು ಬಹಳಷ್ಟು ಊರುಗಳಿಗೆ ಅಚ್ಚು ಹಾಕಿದ್ದಾರೆ, ಅಕಾರಾದಿಯಾಗಿ. ಹುಡುಕಲು ಸುಲಭ, ಮೋಸಹೋಗಲೂ ಸುಲಭ. ಕ್ಲರ್ಕ್ ಒಂದು ಮನೆಯ ಮಕ್ಕಳನ್ನೆಲ್ಲ ಒಂದೇ ಪುಟದಲ್ಲಿ ಬರೆದಿದ್ದರೆ ಅಚ್ಚಿನಲ್ಲಿ ಅವರು ಚೆಲ್ಲಾಪಿಲ್ಲಿ. ಅಚ್ಚಿನ ಪುಸ್ತಕ ಸೂಚಿ ಮಾತ್ರ, ಮೂಲಪುಸ್ತಕದ ಚಿತ್ರ ನೋಡಲೇಬೇಕು.

ಸಂಖ್ಯೆ 4ರ ಹುಟ್ಟು ಊರಿನ ಪುಸ್ತಕದಲ್ಲಿ 1740ರ ಸೆಪ್ಟೆಂಬರ್ 13. ಸಮಾಧಿಯ ಕಲ್ಲಿನಲ್ಲಿ ಹುಟ್ಟಿದ ದಿನ ಇಲ್ಲ. ಸತ್ತದ್ದು 1803ರ ಮಾರ್ಚ್ 14, ವಯಸ್ಸು 62 ವರ್ಷ 5 ತಿಂಗಳು 20 ದಿನ ಅಂತಿದೆ. ಇದಕ್ಕೆ ಹಳಬರ ಒಂದು ಲೆಕ್ಕವಿದೆ. ಸತ್ತ ದಿನವನ್ನು ವರ್ಷ-ತಿಂಗಳು-ದಿನವಾಗಿ ಒಂದೇ ಸಂಖ್ಯೆ ಮಾಡಿ: 18030314. ವಯಸ್ಸನ್ನೂ ಹಾಗೆಯೇ: 620520. ಕಳೆದರೆ 17409794. ಅದರಿಂದ 8870 ಕಳೆಯಿರಿ: 17400924. ಅಂದರೆ 1740ರ ಸೆಪ್ಟೆಂಬರ್ 24. ತಿಂಗಳಿಗೆ 30 ದಿನ ಹಿಡಿದ ಲೆಕ್ಕ, ಒಂದೆರಡು ದಿನ ಆಚೀಚೆ ಆಗಬಹುದು. ಇಲ್ಲಿ ಬಂದದ್ದು ಸರಿಯಾಗಿ ಹನ್ನೊಂದು ದಿನದ ವ್ಯತ್ಯಾಸ. ಇಬ್ಬರು ಬೇರೆ ಬೇರೆ ಮನುಷ್ಯರಲ್ಲ, ಕ್ಯಾಲೆಂಡರ್ ಬೇರೆ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2ರ ಮಾರನೇ ದಿನ 14 ಆಯಿತು. ಕೆಲವರು ತಮ್ಮ ಹುಟ್ಟುದಿನವನ್ನೂ ಹನ್ನೊಂದು ದಿನ ಮುಂದಕ್ಕೆ ತಂದುಕೊಂಡರು. ಜಾರ್ಜ್ ವಾಷಿಂಗ್ಟನ್ ಫೆಬ್ರವರಿ 11ರಂದು ಹುಟ್ಟಿ 22ರಂದು ಹುಟ್ಟುಹಬ್ಬ ಆಚರಿಸಿಕೊಳ್ಳುವಂತಾದದ್ದು ಹೀಗೆಯೇ. ಎರಡು ದಾಖಲೆ ಹೀಗೆ ಜಗಳವಾಡಿ ರಾಜಿಯಾದರೆ ನಂಬಿಕೆ ಇನ್ನೂ ಗಟ್ಟಿ.

ಇದಕ್ಕಿಂತ ದೊಡ್ಡ ಬಲೆ ಹೊಸ ವರ್ಷದ್ದು. 1752ಕ್ಕೆ ಮೊದಲು ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಸಂಖ್ಯೆ 16ರ ಮದುವೆ 1709ರ ಮೇ, ಮೊದಲ ಮಗ ಹುಟ್ಟಿದ್ದು 1709ರ ಫೆಬ್ರವರಿ. ಮದುವೆಗೆ ಮೂರು ತಿಂಗಳು ಮೊದಲೇ ಮಗುವೇ ಅಂತ ಮೂಗಿನ ಮೇಲೆ ಬೆರಳಿಡಬೇಕಾಗಿಲ್ಲ. ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1710. ಒಂಬತ್ತು ತಿಂಗಳು ಸರಿಯಾಗಿ ಆಗಿದೆ. ಅದನ್ನು 1709/10 ಎಂದು ಎರಡೂ ವರ್ಷ ಹಾಕಿ ಬರೆಯಬೇಕು. ತಿದ್ದಿ ಒಂದೇ ವರ್ಷ ಬರೆದರೆ ನಾಳೆ ಇನ್ನೊಬ್ಬ ಮತ್ತೆ ತಿದ್ದುತ್ತಾನೆ.

ಸಂಖ್ಯೆ 8 ಸಿಕ್ಕಿಹಾಕಿಕೊಂಡ. ಊರಿನಲ್ಲಿ ಅದೇ ಹೆಸರಿನವರು ಇಬ್ಬರು, ಒಬ್ಬ ಸೀನಿಯರ್, ಒಬ್ಬ ಜೂನಿಯರ್. ಅಪ್ಪ ಮಗ ಅಂದುಕೊಂಡರೆ ಕೆಟ್ಟಿರಿ. ಆ ಕಾಲಕ್ಕೆ ಜೂನಿಯರ್ ಅಂದರೆ ಊರಿನಲ್ಲಿ ಅದೇ ಹೆಸರಿನ ಇಬ್ಬರಲ್ಲಿ ಕಿರಿಯ, ಅಷ್ಟೆ. ಚಿಕ್ಕಪ್ಪ-ಅಣ್ಣನ ಮಗನೂ ಆಗಬಹುದು, ಸಂಬಂಧವೇ ಇಲ್ಲದಿರಬಹುದು. ಹಿರಿಯ ಸತ್ತರೆ ಜೂನಿಯರ್ ಸೀನಿಯರ್ ಆಗುತ್ತಾನೆ. ಕಸಿನ್ ಅಂದರೆ ಅಣ್ಣನ ಮಗನೂ ಇರಬಹುದು, ‘ಇನ್ ಲಾ’ ಅಂದರೆ ಮಲಸಂಬಂಧವೂ ಇರಬಹುದು. ಇಂಥವರನ್ನು ಬಿಡಿಸುವುದು ಹೆಸರಲ್ಲ, ಭೂಮಿ. ನಮ್ಮಲ್ಲಿ ದಾಯಾದಿಗಳನ್ನು ಬಿಡಿಸಲು ಸರ್ವೆ ನಂಬರು, ಪಹಣಿ ಹಿಡಿದು ಕೂರುವ ಹಾಗೆ ಅಲ್ಲಿ ಕ್ರಯಪತ್ರ. ಗಂಡ ಜಮೀನು ಮಾರುವಾಗ ಹೆಂಡತಿ ತನ್ನ ವಿಧವೆ ಪಾಲು, ಮೂರನೇ ಒಂದು ಭಾಗದ ಹಕ್ಕು, ಬಿಟ್ಟುಕೊಟ್ಟೆ ಅಂತ ರುಜು ಹಾಕುತ್ತಿದ್ದಳು. ಒಬ್ಬನ ಪತ್ರದಲ್ಲಿ ಸಾರಾ, ಇನ್ನೊಬ್ಬನದರಲ್ಲಿ ಮೇರಿ. ಚಕ್ಕುಬಂದಿ ಹಿಡಿದು ಹಿಂದೆ ಹೋದರೆ ಸಾರಾಳ ಗಂಡನಿಗೆ ಆ ಜಮೀನು ಬಂದದ್ದು ಸಂಖ್ಯೆ 16ರ ಪಾಲಿನಿಂದ.

ಸಂಖ್ಯೆ 16 ಉಯಿಲು ಬರೆಯದೆ ಸತ್ತಿದ್ದ. ನಮ್ಮ ಪೌತಿ ಖಾತೆಯ ಹಾಗೆ ಪ್ರೊಬೇಟ್ ನ್ಯಾಯಾಲಯ ಆಸ್ತಿ ಹಂಚಿದೆ. ಮ್ಯಾಸಚೂಸೆಟ್ಸ್‌ನಲ್ಲಿ ಆಗ ಹಿರಿಯ ಮಗನಿಗೆ ಎರಡು ಪಾಲು. ಪಟ್ಟಿಯಲ್ಲಿ ಯಾರಿಗೆ ದುಪ್ಪಟ್ಟು ಅಂತ ನೋಡಿದರೆ ಹಿರಿಯ ಯಾರು ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎಡವುವುದು ಕೌಂಟಿಯಲ್ಲಿ. ಊರು ಅಲ್ಲೇ ಇರುತ್ತದೆ, ಕೌಂಟಿ ಬದಲಾಗುತ್ತದೆ. ವೂಸ್ಟರ್ ಕೌಂಟಿ ಹುಟ್ಟಿದ್ದು 1731ರಲ್ಲಿ. ಅದಕ್ಕೆ ಮೊದಲಿನ ಕಡತ ಅಲ್ಲಿ ಹುಡುಕಿದರೆ ಸಿಗುವುದು ಸೊನ್ನೆ. ಹಳೆಯ ಕೌಂಟಿಗೆ ಹೋಗಬೇಕು. ಮೇನ್ ರಾಜ್ಯವೇ 1820ರ ತನಕ ಮ್ಯಾಸಚೂಸೆಟ್ಸ್‌ನ ಭಾಗ. ಈಗ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಹಳೆಯ ಕೈಬರಹವನ್ನು ಯಂತ್ರವೇ ಓದಿ ಉಯಿಲು, ಕ್ರಯಪತ್ರಗಳ ಒಳಗಿನ ಹೆಸರುಗಳನ್ನೂ ಹುಡುಕಿಕೊಡುತ್ತದೆ, ದುಡ್ಡಿಲ್ಲದೆ. ಆದರೆ ಆಗಿನ ಉದ್ದ ‘ಎಸ್’ ಅಕ್ಷರ ‘ಎಫ್’ ಹಾಗೆ ಕಾಣುತ್ತದೆ; ಹೆಸರನ್ನು ನಾಲ್ಕು ಕಾಗುಣಿತದಲ್ಲಿ ಕೊಟ್ಟು ನೋಡಬೇಕು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಒಬ್ಬ ಪೂರ್ವಿಕನಿಂದ ಬಂದ ಪಾಲು ತಲೆಮಾರಿಗೊಮ್ಮೆ ಸುಮಾರು ಅರ್ಧವಾಗುತ್ತ ಹೋಗುತ್ತದೆ. ಹತ್ತು ತಲೆಮಾರು ಹಿಂದಿನ 1,024 ಜನರಲ್ಲಿ ಅನೇಕರದು ನಮ್ಮಲ್ಲಿ ಒಂದು ಚೂರೂ ಉಳಿದಿರುವುದಿಲ್ಲ. ಗಂಡಸರ ಸಾಲಿಗೆ ಇಷ್ಟು ದೂರಕ್ಕೆ ಉಪಯೋಗವಾಗುವುದು ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್.

ಇಷ್ಟು ಕಾಗದ ಸಿಗುವುದು ಬಿಳಿಯರ ಮನೆತನಗಳಿಗೆ ಎಂಬುದನ್ನೂ ಹೇಳಬೇಕು. 1850 ಮತ್ತು 1860ರ ಗಣತಿಯಲ್ಲಿ ಗುಲಾಮರ ಹಾಳೆ ಬೇರೆ. ಒಡೆಯನ ಹೆಸರು, ಕೆಳಗೆ ವಯಸ್ಸು, ಲಿಂಗ, ಬಣ್ಣ. ಹೆಸರಿಲ್ಲ. ಅವರ ವಂಶಜರಿಗೆ ಗಣತಿಯ ದಾರಿ 1870ಕ್ಕೆ ನಿಲ್ಲುತ್ತದೆ. ಅದಕ್ಕೂ ಹಿಂದೆ ಹೋಗಬೇಕಾದರೆ ಒಡೆಯನ ಉಯಿಲಿನಲ್ಲಿ, ದನಕರುಗಳ ಪಕ್ಕದ ಸಾಲಿನಲ್ಲಿ ಹುಡುಕಬೇಕು.

ಸಂಜೆಗೆ ಸಂಖ್ಯೆ 64, ಮೂಲಪುರುಷ. 1620ರಿಂದ 1640ರ ನಡುವೆ ಸುಮಾರು 20,000 ಇಂಗ್ಲಿಷರು ನ್ಯೂ ಇಂಗ್ಲೆಂಡಿಗೆ ಬಂದರು. ಆ ಕಾಲದ ಪ್ರಯಾಣಿಕರ ಪಟ್ಟಿಗಳು ಉಳಿದಿರುವುದು ಕೆಲವೇ. ಅಮೆರಿಕದ ಬಂದರುಗಳು ಕ್ರಮವಾಗಿ ಪಟ್ಟಿ ಇಟ್ಟದ್ದು 1820ರಿಂದ. ಎಲ್ಲರಿಗೂ 1620ರಲ್ಲಿ ಬಂದ ಮೇಫ್ಲವರ್ ಹಡಗೇ ಬೇಕು, ಆದರೆ ಅದರಲ್ಲಿ ಇದ್ದದ್ದು 102 ಜನ, ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನ ತೀರಿಕೊಂಡರು. ಇಂಗ್ಲೆಂಡಿನ ಹುಟ್ಟೂರನ್ನು 1538ರಿಂದ ಶುರುವಾದ ಚರ್ಚ್ ರಿಜಿಸ್ಟರುಗಳಲ್ಲಿ ಹುಡುಕಬೇಕು. ಇಲ್ಲಿ ಹೆಸರು ಹೊಂದಿತು ಅಂತ ಹಾರಬಾರದು. ರಾಷ್ಟ್ರಾಧ್ಯಕ್ಷ ಜಾನ್ ಆಡಮ್ಸ್ ಕೂಡ ಹಾರಿದ್ದ. ತನ್ನ ಮೂಲಪುರುಷ ಹೆನ್ರಿ ಆಡಮ್ಸ್‌ಗೆ ಕ್ವಿನ್ಸಿಯಲ್ಲಿ ಕಲ್ಲು ಹಾಕಿಸಿ ಅವನು ಡೆವನ್‌ಷೈರ್‌ನಿಂದ ಬಂದವನು ಎಂದು ಕೆತ್ತಿಸಿದ. ಆಮೇಲೆ ರಿಜಿಸ್ಟರುಗಳನ್ನು ಜಾಲಾಡಿದಾಗ ಹೆನ್ರಿ ಸಿಕ್ಕಿದ್ದು ಸಾಮರ್ಸೆಟ್‌ನ ಬಾರ್ಟನ್ ಸೇಂಟ್ ಡೇವಿಡ್‌ನಲ್ಲಿ. ಹೆಂಡತಿ ಈಡಿತ್ ಸ್ಕ್ವೈರ್, ಮದುವೆ 1609ರಲ್ಲಿ. ಹೆನ್ರಿ ಅಂತ ಒಬ್ಬ ಸಿಕ್ಕರೆ ಸಾಲದು. ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ಕ್ರಮ ಎರಡೂ ದಡದಲ್ಲಿ ಒಂದೇ ಇರಬೇಕು, ಹಡಗು ಹತ್ತಿದ ಮೇಲೆ ಇಂಗ್ಲೆಂಡಿನ ರಿಜಿಸ್ಟರಿನಲ್ಲಿ ಆ ಸಂಸಾರದ ಸುದ್ದಿ ನಿಂತಿರಬೇಕು. ನಮ್ಮ 64ಕ್ಕೆ ಐದು ಮಕ್ಕಳಲ್ಲಿ ನಾಲ್ಕು ಹೊಂದಿದವು. ಐದನೆಯವಳ ಜ್ಞಾನಸ್ನಾನ ಅದೇ ರಿಜಿಸ್ಟರಿನಲ್ಲಿ ಸಿಗಲಿಲ್ಲ. ಯಾವ ವರ್ಷದಿಂದ ಯಾವ ವರ್ಷದ ತನಕ ಹುಡುಕಿ ಸಿಗಲಿಲ್ಲ ಎಂಬುದನ್ನೂ ಪುಟಸಂಖ್ಯೆ ಸಮೇತ ಬರೆದಿಟ್ಟದ್ದಾಯಿತು.

ದೀಪ ಹಚ್ಚುವ ಹೊತ್ತಿಗೆ ಪಟ್ಟಿಯ ಗಂಡಸರ ಸಾಲು ತುಂಬಿತ್ತು. ಹೆಂಗಸರ ಸಾಲು ಹಾಗಿರಲಿಲ್ಲ. ಸಂಖ್ಯೆ 33, ಸಂಖ್ಯೆ 32ರ ಹೆಂಡತಿ: ಎಂಟು ಮಕ್ಕಳ ಹುಟ್ಟಿನಲ್ಲಿ, ಎರಡು ಕ್ರಯಪತ್ರದಲ್ಲಿ, ಗಂಡನ ಪ್ರೊಬೇಟಿನಲ್ಲಿ ಇದ್ದಾಳೆ. ಎಲ್ಲ ಕಡೆಯೂ ಬರೀ ಹ್ಯಾನಾ. ತವರಿನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ: ನೆರೆಹೊರೆಯವರ ಉಯಿಲುಗಳಲ್ಲಿ ‘ಮಗಳು ಹ್ಯಾನಾ’ ಹುಡುಕಬೇಕು, 1675ರಿಂದ 1720.