ಚುಕ್ಕಿಗೆ ಒಂದೇ ಮನೆ

ಬೆಳಗಿನ ಐದೂವರೆಗೆ ಹಾಲಿನವನ ಗಾಡಿ ಸದ್ದಾದ ಕೂಡಲೇ ನಮ್ಮ ಬೆಕ್ಕು ಚುಕ್ಕಿ ಎದ್ದು ಮುಂಬಾಗಿಲ ಹತ್ತಿರ ಹೋಗಿ ಕೂರುತ್ತಾಳೆ. ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಒಂದಷ್ಟು ಹೊತ್ತು ಮೂಸುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಒಂದು ಸಲ ಕೂಗುತ್ತಾಳೆ. ಎಂಟು ತಿಂಗಳಿಂದ ಆ ಕೂಗಿಗೆ ನಾನು ಬಾಗಿಲು ತೆಗೆದಿಲ್ಲ. ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಯೋಚಿಸದೆ ಇದ್ದ ಬೆಳಗೂ ಇಲ್ಲ.

ನಮ್ಮದು ದಾವಣಗೆರೆಯ ನಿಟುವಳ್ಳಿಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೊ, ಕುಚ್ಚು ಹಾಕಿಕೊಡುತ್ತೇನೆ. ನಮ್ಮ ಯಜಮಾನರದು ಲಗೇಜ್ ಆಟೊ. ಮಂಡಕ್ಕಿ ಭಟ್ಟಿಯಿಂದ ಚೀಲ ತುಂಬಿಕೊಂಡು ಊರಿನ ಅಂಗಡಿಗಳಿಗೆ ಇಳಿಸುವುದೇ ಅವರಿಗೆ ಹೆಚ್ಚಿನ ಬಾಡಿಗೆ. ಜೊತೆಗೆ ನಮ್ಮತ್ತೆ. ಬೆಕ್ಕಿನ ವಿಷಯದಲ್ಲಿ ಅತ್ತೆಯ ಮಾತು ಮೊದಲ ದಿನದಿಂದ ಒಂದೇ: "ಏಳು ಮನಿ ತಿರುಗೋ ಜಾತಿ ಅದು. ಅದನ್ನ ಯಾರಾರ ಕೂಡಿ ಹಾಕ್ತಾರೇನಮ್ಮ?"

ಚುಕ್ಕಿಗಿಂತ ಮುಂಚೆ ಗುಂಡ ಇದ್ದ. ಕೇಸರಿ ಬಣ್ಣದ ಗಂಡು ಬೆಕ್ಕು. ನಾಲ್ಕು ವರ್ಷ ಅತ್ತೆ ಹೇಳಿದ ಹಾಗೇ ಬೆಳೆದ. ಬೆಳಿಗ್ಗೆ ಮೊಸರನ್ನ ನೆಕ್ಕಿ ಮೆಟ್ಟಿಲು ಇಳಿದರೆ ಕಾಂಪೌಂಡ್ ಹಾರಿ, ಪಕ್ಕದ ಗೋಡೌನಿನ ಶೀಟಿನ ಮೇಲೆ ನಡೆದು, ಮಧ್ಯಾಹ್ನದ ಹೊತ್ತಿಗೆ ಯಾರ ಮನೆಯ ಹಿತ್ತಲಲ್ಲೋ ಮಲಗಿರುತ್ತಿದ್ದ. ಸಂಜೆ ನಾನು ಮಷೀನ್ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಒಂದೊಂದು ದಿನ ಹೊಸ್ತಿಲ ಹತ್ತಿರ ಅಳಿಲು, ಒಂದೊಂದು ದಿನ ಪಿಕಳಾರ. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸುತ್ತಿ ಅದನ್ನು ಹೂಳಿ ಬರುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಆದರೆ ಬೆಕ್ಕು ಅಂದಮೇಲೆ ಇದ್ದದ್ದೇ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅದನ್ನು ನಾನು ಓದಿದ್ದು ಗುಂಡ ಹೋದಮೇಲೆ.

ಹೋದ ಏಪ್ರಿಲ್‌ನಲ್ಲಿ ಗುಂಡ ಎರಡು ದಿನ ಬರಲಿಲ್ಲ. ಮೂರನೇ ದಿನ ಟೆರೇಸಿನ ನೀರಿನ ಟ್ಯಾಂಕ್ ಹಿಂದೆ, ನೆರಳಲ್ಲಿ, ಕಾಲು ಮಡಚಿ ಕೂತಿದ್ದ. ಕರೆದರೆ ಕಿವಿ ಮಾತ್ರ ತಿರುಗಿಸಿದ. ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆವು. ಡಾಕ್ಟರು ಅವನ ಮೇಲ್ದುಟಿ ಎತ್ತಿ ತೋರಿಸಿದರು. ಗುಲಾಬಿ ಬಣ್ಣ ಇರಬೇಕಾದ ವಸಡು ಕೋರಾ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು.

ಪಾಷಾಣ ತಿಂದ ಇಲಿಯನ್ನು ಇದು ತಿಂದಿರಬೇಕು ಅಂದರು. ಇಲಿ ಪಾಷಾಣದಲ್ಲಿ ಒಂದು ಬಗೆ ರಕ್ತ ಹೆಪ್ಪುಗಟ್ಟುವುದನ್ನೇ ನಿಲ್ಲಿಸಿಬಿಡುತ್ತದಂತೆ. ತಿಂದ ಇಲಿ ಅಲ್ಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಮಂಕು ಹಿಡಿದ ಇಲಿ ಬೆಕ್ಕಿಗೆ ಸಲೀಸಾಗಿ ಸಿಗುತ್ತದೆ. ಬೆಕ್ಕಿಗೂ ಕೂಡಲೇ ಏನೂ ಗೊತ್ತಾಗುವುದಿಲ್ಲ, ಮೈಯೊಳಗೆ ರಕ್ತ ಸೋರಲು ಶುರುವಾಗುವುದು ನಾಲ್ಕಾರು ದಿನದ ಮೇಲೆ. ಬೇಗ ಬಂದಿದ್ದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದಿತ್ತು ಅಂದರು. ಇಂಜೆಕ್ಷನ್ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ನನ್ನ ತೊಡೆಯ ಮೇಲೆ ಹೋದ. ಪಾಷಾಣ ಯಾರು ಇಟ್ಟರು ಅಂತ ನಾನು ಕೇಳಿಕೊಂಡು ಹೋಗಲಿಲ್ಲ. ಕಾಳು, ಹಿಟ್ಟು ಇಟ್ಟುಕೊಂಡವರಿಗೆ ಇಲಿ ಕಾಟ ಎಂಥದ್ದು ಅಂತ ನನಗೂ ಗೊತ್ತು. ಅವರು ಇಟ್ಟಿದ್ದು ಇಲಿಗೆ.

ಜೂನ್‌ನಲ್ಲಿ ಮಳೆ ಹಿಡಿದ ವಾರ ಯಜಮಾನರು ಆಟೊದ ಸೀಟಿನ ಕೆಳಗೆ ರಟ್ಟಿನ ಡಬ್ಬದಲ್ಲಿ ಒಂದು ಮರಿ ತಂದರು. ಎರಡು ತಿಂಗಳಿದ್ದೀತು. ಬಿಳಿ ಮೈ ಮೇಲೆ ಕಪ್ಪು, ಕೇಸರಿ ಚುಕ್ಕೆ. ಹೆಣ್ಣೋ ಗಂಡೋ ಅಂತ ಯಾರೂ ಎತ್ತಿ ನೋಡಬೇಕಾಗಿರಲಿಲ್ಲ, ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಹುಟ್ಟಿದ್ದು ಭಟ್ಟಿಯಲ್ಲಿ. ಭಟ್ಟಿ ನೋಡಿದವರಿಗೆ ಗೊತ್ತು, ಕಾದ ಮರಳಿಗೆ ಅಕ್ಕಿ ಬಿದ್ದು ಚಟಚಟ ಅರಳುವ ಸದ್ದು, ಹೊಗೆ, ಆಳೆತ್ತರದ ಚೀಲದ ಸಾಲು. ಆ ಚೀಲಗಳ ಸಂದಿಯಲ್ಲಿ ಬೆಕ್ಕುಗಳು ತಮ್ಮ ಪಾಡಿಗೆ ತಾವು ಮರಿ ಹಾಕಿಕೊಂಡು, ಇಲಿ ಹಿಡಿದುಕೊಂಡು ಇರುತ್ತವೆ.

"ಇದನ್ನ ಕೆಳಗೆ ಬಿಡಲ್ಲ" ಅಂದೆ ನಾನು.

"ಭಟ್ಟಿಯಾಗ ಹುಟ್ಟಿದ್ದು ಅದು. ಮನಿಯಾಗ ಕೂಡ್ಸಿದ್ರೆ ಹೆಂಗೆ?" ಅಂದರು ಅವರು.

ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಬೆಕ್ಕು ಮನುಷ್ಯನ ಹತ್ತಿರ ಬಂದಿದ್ದೇ ಕಾಳಿನ ರಾಶಿಗೆ ಬಂದ ಇಲಿಯ ಹಿಂದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದಿನ ಒಂದು ಗೋರಿ ಸಿಕ್ಕಿದೆ, ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಮಲಗಿಸಿ ಹೂತಿದ್ದಾರೆ. ಅಷ್ಟು ಹಳೆಯ ನಂಟು. ಅಷ್ಟೂ ಕಾಲ ಬೆಕ್ಕು ತನ್ನಿಷ್ಟದಂತೆ ಬಂದು ಹೋಗಿ ಮಾಡಿಕೊಂಡೇ ಇತ್ತು. ಜಗಳೂರು ಕಡೆ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಈಗಲೂ ಹಾಗೇ ಇದೆ. ಮೆಕ್ಕೆಜೋಳ ತುಂಬಿದ ಮನೆ, ಎರಡು ಬೆಕ್ಕು. ಬೆಕ್ಕು ಇವೆ ಅಂತಲೇ ಚಿಕ್ಕಮ್ಮ ಪಾಷಾಣ ಇಡುವುದಿಲ್ಲ, ಅಕ್ಕಪಕ್ಕದವರಿಗೂ ಇಡಬೇಡಿ ಅಂತ ಹೇಳಿದ್ದಾಳೆ. ರಸ್ತೆಯಲ್ಲಿ ದಿನಕ್ಕೆ ಹತ್ತು ಗಾಡಿ ಹೋದರೆ ಹೆಚ್ಚು. ಅವಳಿಗೆ ಬಾಗಿಲು ಹಾಕಿಕೋ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆ ಇರುವುದು ಹದಡಿ ರಸ್ತೆಯಿಂದ ಎರಡನೇ ತಿರುವಿನಲ್ಲಿ. ಲಾರಿ, ಬೀದಿನಾಯಿ, ಹೆಸರು ಗೊತ್ತಿಲ್ಲದ ಇಪ್ಪತ್ತು ಮನೆ, ಯಾರ ಅಟ್ಟದಲ್ಲಿ ಏನಿದೆಯೋ. ಇಲ್ಲಿ ಇಪ್ಪತ್ತು ಬಾಗಿಲಿಗೂ ಹೋಗಿ ಪಾಷಾಣ ಇಡಬೇಡಿ ಅನ್ನಲು ಆಗುತ್ತದೆಯೇ?

ಒಳಗೇ ಇಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದೆ. ಮಾಡಿದ ಮೇಲೆ ಗೊತ್ತಾಯಿತು, ಊಟದಿಂದಲೇ ತೊಡಕು.

ನಮ್ಮದು ಮೊಟ್ಟೆಯೂ ತರದ ಮನೆ. ಗುಂಡನಿಗೆ ನಾಲ್ಕು ವರ್ಷ ಹಾಲನ್ನ, ಮೊಸರನ್ನ ಹಾಕಿ ನಾವೇ ಸಾಕಿದೆವು ಅಂದುಕೊಂಡಿದ್ದೆ. ಅವನ ಹೊಟ್ಟೆ ನಿಜವಾಗಿ ತುಂಬಿಸಿದ್ದು ಹೊರಗಿನ ಇಲಿ. ಬೆಕ್ಕಿನ ಮೈಗೆ ಟಾರಿನ್ ಅನ್ನುವ ಒಂದು ಸತ್ವ ಬೇಕು, ಅದನ್ನು ಬೆಕ್ಕು ತಾನಾಗಿ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ. ಹೃದಯವೂ ಊದಿಕೊಂಡು ಸೋಲುತ್ತದೆ ಅಂತ 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಆಮೇಲೆ ಕಂಪನಿಗಳು ಬೆಕ್ಕಿನ ತಿನಿಸಿನಲ್ಲಿ ಟಾರಿನ್ ಹೆಚ್ಚಿಸಿದವು. ಅಂದರೆ ಚುಕ್ಕಿಯನ್ನು ಒಳಗಿಟ್ಟು ಮೊಸರನ್ನ ಹಾಕಿದರೆ ನಾನು ಅವಳನ್ನು ನಿಧಾನವಾಗಿ ಕೊಂದ ಹಾಗೆ.

ಅತ್ತೆಗೆ ಇದನ್ನು ಹೇಳಲು ಎರಡು ದಿನ ಬೇಕಾಯಿತು. ಪೂರ್ತಿ ಕೇಳಿಸಿಕೊಂಡರು. "ಹೊರಗೆ ತಿಂದು ಬಂದ್ರೆ ನಮ್ ಕಣ್ಣಿಗೆ ಬೀಳ್ತಿರಲಿಲ್ಲ, ಅಷ್ಟೇ ಅಲ್ಲೇನು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಡಿಗಿ ಮನಿಯಾಗ ಬ್ಯಾಡ. ಪಾತ್ರೆ ಬ್ಯಾರೆ ಇರ್ಲಿ" ಅಂದರು. ಬಾಲ್ಕನಿಯ ಮೂಲೆಯಲ್ಲಿ ಮುಚ್ಚಳದ ತಗಡಿನ ಡಬ್ಬ, ಅದರಲ್ಲಿ ಬೆಕ್ಕಿನ ಕಾಳುತಿನಿಸು, ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ಅತ್ತೆ ಅದನ್ನು ಮುಟ್ಟುವುದಿಲ್ಲ. ಆದರೆ ಏಳು ಗಂಟೆ ಮೀರಿದರೆ, "ಅದಕ್ಕೆ ಹಾಕಿದೇನಮ್ಮ?" ಅಂತ ಮೊದಲು ನೆನಪಿಸುವವರು ಅವರೇ.

ಗೌರಿ ಹಬ್ಬದ ಹಿಂದಿನ ವಾರ ಎಲ್ಲವೂ ತಲೆಕೆಳಗಾಯಿತು.

ಹಬ್ಬದ ಮುಂಚೆ ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ದಿನ ರಾತ್ರಿ ಗಿಣಿಹಸಿರು ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಮಿಕ್ಕ ರೇಷ್ಮೆ ಎಳೆಗಳನ್ನು ಕಟಿಂಗ್ ಟೇಬಲ್ ಮೇಲೇ ಬಿಟ್ಟು ಮಲಗಿದೆ. ಮರುದಿನ ಚುಕ್ಕಿ ಎರಡು ಸಲ ವಾಂತಿ ಮಾಡಿದಳು. ತಟ್ಟೆಯ ಹತ್ತಿರ ಹೋದಳು, ಮೂಸಿದಳು, ವಾಪಸ್ ಬಂದಳು. ಪದೇ ಪದೇ ನಾಲಿಗೆ ಹೊರಚಾಚಿ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಮಾಡುತ್ತಿದ್ದಳು. ಈ ಸಲ ನಾನು ಮೂರನೇ ದಿನದವರೆಗೆ ಕಾಯಲಿಲ್ಲ.

ಡಾಕ್ಟರು ಬಾಯಿ ತೆರೆಸಿ ಹೆಬ್ಬೆರಳಿಂದ ಗದ್ದದ ಕೆಳಗೆ ಒತ್ತಿ ನಾಲಿಗೆ ಮೇಲೆತ್ತಿದರು. ನಾಲಿಗೆಯ ಬುಡದ ಸುತ್ತ ಒಂದು ಗಿಣಿಹಸಿರು ಎಳೆ. ಅದರ ಎರಡೂ ತುದಿ ಗಂಟಲೊಳಗೆ ಇಳಿದಿದ್ದವು. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಒಳಮುಖವಾಗಿ ಬಾಗಿರುತ್ತವೆ, ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ಕಡೆ ಸಿಕ್ಕಿಕೊಂಡ ದಾರದ ಮೇಲೆ ಕರುಳು ಜರುಗುತ್ತಾ ಜರುಗುತ್ತಾ ಮಡಿಕೆ ಬೀಳುತ್ತದೆ ಅಂತ ಅವರು ವಿವರಿಸುವಾಗ ನನಗೆ ಕಂಡಿದ್ದು ಲಂಗದ ಲಾಡಿ. ಲಾಡಿ ಎಳೆದರೆ ನೇಫಾದ ಬಟ್ಟೆ ಹೇಗೆ ನೆರಿಗೆಯಾಗಿ ಒತ್ತುಕೊಳ್ಳುತ್ತದೋ ಹಾಗೆ. ಆಮೇಲೆ ದಾರ ಕರುಳನ್ನು ಕೊಯ್ಯುತ್ತದೆ. ಬಾಯಲ್ಲಾಗಲಿ ಹಿಂದೆಯಾಗಲಿ ದಾರದ ತುದಿ ಕಂಡರೆ ಯಾವತ್ತೂ ಎಳೆಯಬೇಡಿ, ಹಾಗೇ ಕರೆದುಕೊಂಡು ಬನ್ನಿ ಅಂದರು. ಬೆಕ್ಕು ಸಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಹೊತ್ತು ಮೀರಿರಲಿಲ್ಲ. ಎಕ್ಸ್‌ರೇ ತೆಗೆದು, ನಾಲಿಗೆ ಕೆಳಗೆ ದಾರ ಕತ್ತರಿಸಿ, ಎರಡು ದಿನ ನೋಡೋಣ, ಹೊರಗೆ ಬರದಿದ್ದರೆ ಹೊಟ್ಟೆ ಕೊಯ್ಯಬೇಕು ಅಂದರು. ಆ ಎರಡು ದಿನ ನಾನು ಒಂದು ಹೊಲಿಗೆಯನ್ನೂ ಹಾಕಲಿಲ್ಲ, ಗಿರಾಕಿಗಳು ಬೈದುಕೊಂಡು ಹೋದರು. ಎರಡನೇ ದಿನ ಸಂಜೆ ಅವಳು ಕಕ್ಕ ಮಾಡುವ ಮರಳಿನ ಟಬ್‌ನಲ್ಲಿ ದಾರ ಸಿಕ್ಕಿತು. ನೀರಿನಲ್ಲಿ ತೊಳೆದು ನೆಲದ ಮೇಲೆ ಚಾಚಿ ಗೇಣು ಹಾಕಿ ಅಳೆದೆ. ಒಂದೂವರೆ ಗೇಣು. ಬಣ್ಣ ಸ್ವಲ್ಪವೂ ಬಿಟ್ಟಿರಲಿಲ್ಲ.

ಅವತ್ತು ರಾತ್ರಿ ಯಜಮಾನರು ಮೆಲ್ಲಗೆ ಕೇಳಿದರು: "ಹೊರಗೆ ಪಾಷಾಣ, ಒಳಗೆ ದಾರ. ಹಂಗಾದ್ರೆ ಒಳಗೇ ಯಾಕಿರ್ಬೇಕು?"

ಕೂಡಲೇ ಉತ್ತರ ಹೊಳೆಯಲಿಲ್ಲ. ಎರಡು ಮೂರು ದಿನ ಅದೇ ಮಾತು ಕೊರೆಯಿತು. ದಾರ ಬಿಟ್ಟವಳು ನಾನು. ದಾರಕ್ಕೆ ಡಬ್ಬ ತರಬಹುದು, ಮುಚ್ಚಳ ಹಾಕಬಹುದು. ಹದಡಿ ರಸ್ತೆಗೆ ಮುಚ್ಚಳ ಹಾಕಲು ನನ್ನ ಕೈಲಿ ಆಗುವುದಿಲ್ಲ. ಗುಂಡನ ವಿಷಯದಲ್ಲಿ ನಾನು ಮಾಡಬಹುದಾಗಿದ್ದ ಒಂದೇ ಕೆಲಸ ಬಾಗಿಲು ಹಾಕುವುದಾಗಿತ್ತು, ಅದನ್ನು ಮಾಡಿರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಮರುದಿನ ಬಾಡಿಗೆ ಮುಗಿಸಿ ಬರುವಾಗ ಕ್ಲಿಪ್ಪಿನ ಮುಚ್ಚಳ ಇರುವ ನಾಲ್ಕು ಡಬ್ಬ ತಂದಿಟ್ಟರು.

ಅಕ್ಟೋಬರ್‌ನಲ್ಲಿ ಮೊದಲ ಸಲ ಬೆದೆಗೆ ಬಂದಳು. ನೆಲದ ಮೇಲೆ ಹೊರಳಾಡಿಕೊಂಡು ರಾತ್ರಿಯಿಡೀ ಕೂಗು. ಎಲ್ಲಿಂದಲೋ ಗಂಡು ಬೆಕ್ಕುಗಳು ಬಂದು ಮೆಟ್ಟಿಲಿಗೆಲ್ಲ ಉಚ್ಚೆ ಸಿಂಪಡಿಸಿ ಹೋದವು, ಓನರ್ ಅಮ್ಮ ಮುಖ ಗಂಟಿಕ್ಕಿದರು. ಬೆಕ್ಕಿನ ಗರ್ಭ ಒಂಬತ್ತು ವಾರದ್ದು, ವರ್ಷಕ್ಕೆ ಎರಡು ಮೂರು ಸೂಲು ಆಗಬಹುದು. ಅಷ್ಟು ಮರಿಗಳಿಗೆ ಈ ಬೀದಿಯಲ್ಲಿ ಏನು ಗತಿ ಅಂತ ಗೊತ್ತಿರುವವಳು ನಾನು. ಕೂಗು ನಿಂತು ಹದಿನೈದು ದಿನಕ್ಕೆ ಆಪರೇಷನ್ ಮಾಡಿಸಿದೆವು. ರೇಬೀಸ್ ಇಂಜೆಕ್ಷನ್ ಮೂರು ತಿಂಗಳಿಗೇ ಹಾಕಿಸಿದ್ದೆ. ಒಳಗಿರುವ ಬೆಕ್ಕಿಗೆ ಯಾಕೆ ಅಂತ ಕೇಳಿದವರುಂಟು. ರವಿಕೆ ಅಳತೆ ಕೊಡಲು ಬರುವವರ ಜೊತೆ ಮಕ್ಕಳು ಬರುತ್ತವೆ, ಬಾಗಿಲು ಎಂದಾದರೂ ಒಂದು ದಿನ ತೆರೆದೇ ಉಳಿಯುತ್ತದೆ.

ನನ್ನ ತಂಗಿ ಈಗ ಬಸುರಿ. ಬೆಕ್ಕಿನ ಮನೆಗೆ ಹೋಗಬೇಡ ಅಂತ ಅವಳಿಗೆ ಯಾರೋ ಹೆದರಿಸಿದ್ದರು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದಾದ ಟಾಕ್ಸೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯ ಭಯ. ಅದು ಬೆಕ್ಕಿಗೆ ಬರುವುದು ಹೆಚ್ಚಾಗಿ ಇಲಿ, ಹಕ್ಕಿ, ಹಸಿ ಮಾಂಸದಿಂದ. ಮಲದಲ್ಲಿ ಹೊರಬಿದ್ದ ಮೇಲೂ ಅದು ಅಂಟುವಂತಾಗಲು ಕನಿಷ್ಠ ಒಂದು ದಿನ ಬೇಕು. ಬೇಟೆಯಾಡದ ಚುಕ್ಕಿಯ ಟಬ್ ಅನ್ನು ನಾನು ದಿನಾ ಎರಡು ಹೊತ್ತು ತೆಗೆಯುತ್ತೇನೆ, ನೀನು ಅದನ್ನು ಮುಟ್ಟಬೇಡ, ಕೈ ತೊಳೆದುಕೋ, ಆರಾಮಾಗಿ ಬಾ ಅಂದೆ. ಬಂದಳು. ಚುಕ್ಕಿ ಅವಳ ಮಡಿಲ ಪಕ್ಕದಲ್ಲೇ ಮಲಗಿದಳು.

ಡಿಸೆಂಬರ್‌ನಲ್ಲಿ ಓನರ್‌ಗೆ ಹೇಳಿ ಬಾಲ್ಕನಿಗೆ ಜಾಲರಿ ಹಾಕಿಸಿದೆವು, 3,800 ರೂಪಾಯಿ. ಕಟ್ಟೆಯ ಮೇಲೆ ಒಂದು ಹಲಗೆ. ಈಗ ಅವಳ ಹಗಲೆಲ್ಲ ಅಲ್ಲೇ. ಎದುರು ಮನೆಯ ನುಗ್ಗೆ ಗಿಡಕ್ಕೆ ಪಿಕಳಾರ ಬಂದರೆ ಹಲ್ಲು ಕಟಕಟ ಅನ್ನಿಸುತ್ತಾಳೆ. ಸಂಜೆ ಮಷೀನ್ ಮುಚ್ಚಿ ಅರ್ಧ ಗಂಟೆ ನಾನು ಅವಳಿಗೆ ಇಲಿಯಾಗಬೇಕು. ಕೋಲಿಗೆ ಜೀನ್ಸ್ ಬಟ್ಟೆಯ ಪಟ್ಟಿ ಕಟ್ಟಿ ಮಂಚದ ಕೆಳಗೆ, ಪರದೆಯ ಹಿಂದೆ ಎಳೆದಾಡುತ್ತೇನೆ. ಹೊಂಚುತ್ತಾಳೆ, ಹಿಂಭಾಗ ಅಲ್ಲಾಡಿಸುತ್ತಾಳೆ, ಹಾರುತ್ತಾಳೆ. ಕೊನೆಗೆ ಹಿಡಿಯಲು ಬಿಡಲೇಬೇಕು, ಹಿಡಿದ ಕೂಡಲೇ ಊಟ ಹಾಕಬೇಕು. ಆಟ ತಪ್ಪಿದ ದಿನ ರಾತ್ರಿ ಮೂರಕ್ಕೆ ನನ್ನ ಕಾಲ್ಬೆರಳು ಕಚ್ಚುತ್ತಾಳೆ. ಕೆಲಸ ಎಷ್ಟೇ ಇರಲಿ ಆ ಅರ್ಧ ಗಂಟೆ ಅವಳದು. ಹೊರಗೆ ಅವಳು ಕಾಣಬಹುದಾಗಿದ್ದ ಲೋಕಕ್ಕೆ ಅದು ಸಾಲುವುದಿಲ್ಲ ಅಂತ ನನಗೆ ಗೊತ್ತು. ಬೆಳಿಗ್ಗೆ ಐದೂವರೆಯ ಕೂಗು ಅದನ್ನೇ ಹೇಳುತ್ತದೆ.

ಮಲಗುವ ಮುಂಚೆ ಸೂಜಿ ಎಣಿಸುತ್ತೇನೆ. ಕೈಸೂಜಿ ಹನ್ನೆರಡು. ನಿನ್ನೆ ಹನ್ನೊಂದೇ ಇದ್ದವು. ಅತ್ತೆ, ಯಜಮಾನರು, ನಾನು ಮೂವರೂ ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಕೂತು ಹುಡುಕಿದೆವು. ಅರ್ಧ ಉಕ್ಸು ಹಚ್ಚಿಟ್ಟಿದ್ದ ರವಿಕೆಯೊಂದರ ಪಟ್ಟಿಯಲ್ಲಿ ದಾರದ ಸಮೇತ ಚುಚ್ಚಿಕೊಂಡಿತ್ತು. ಸಿಕ್ಕಿದ್ದು ಅತ್ತೆಗೆ. ದಾರ ಕತ್ತರಿಸಿ, ಸೂಜಿಯನ್ನು ಡಬ್ಬಕ್ಕೆ ಹಾಕಿ, ಕ್ಲಿಪ್ಪು ಒತ್ತಿದರು. ಚುಕ್ಕಿ ಹಲಗೆಯ ಮೇಲೆ ಆಗಲೇ ನಿದ್ದೆ ಹೋಗಿದ್ದಳು.