ಬೆರಳು ಸವೆದರೂ ಲಾಗಿನ್ ನಿಲ್ಲಬಾರದು

ಕಲಬುರಗಿಯ ದಾಲ್ ಮಿಲ್ಲಿನ ಆಫೀಸಿನಲ್ಲಿ ಲಿನಕ್ಸ್ ಕಂಪ್ಯೂಟರಿಗೆ ಬೆರಳಚ್ಚು ಒಂದನ್ನೇ ಇಟ್ಟರೆ ಕೆಲಸ ಕೆಡುತ್ತದೆ. ತೊಗರಿ ಧೂಳು ಸೆನ್ಸರ್ ಮೇಲೆ ಕೂರುತ್ತದೆ. ಶಹಾಬಾದ್ ಕಲ್ಲು ಎತ್ತಿದ ಕೈಯ ಗೆರೆಗಳಂತೂ ಸವೆದೇ ಹೋಗಿರುತ್ತವೆ. ಇದಕ್ಕೆ ದಾರಿ ಪ್ಯಾಮ್ (ಪ್ಲಗಬಲ್ ಅಥೆಂಟಿಕೇಶನ್ ಮಾಡ್ಯೂಲ್ಸ್), ಅಂದರೆ ಲಾಗಿನ್ ವೇಳೆ ಗುರುತು ಪರೀಕ್ಷಿಸುವ ಏರ್ಪಾಡು. 1995ರಲ್ಲಿ ಸನ್ ಕಂಪನಿಯ ಇಂಜಿನಿಯರುಗಳು ಮುಂದಿಟ್ಟ ಈ ಏರ್ಪಾಡಿನಲ್ಲಿ, ಪ್ರೋಗ್ರಾಂ ಮುಟ್ಟದೆಯೇ ಗುರುತು ಕೇಳುವ ಬಗೆಯನ್ನು ಬದಲಿಸಬಹುದು.

ಈಟಿಸಿ (/etc) ಒಳಗಿನ ಪ್ಯಾಮ್.ಡಿ (pam.d) ಫೋಲ್ಡರಿನಲ್ಲಿ ಲಾಗಿನ್‌ನಂಥ ಸೇವೆಗೊಂದು ಫೈಲ್. ಅದರ ಸಾಲಿನಲ್ಲಿ ಮಾಡ್ಯೂಲಿನ, ಅಂದರೆ ಗುರುತು ನೋಡುವ ಪುಟ್ಟ ಪ್ರೋಗ್ರಾಮಿನ, ಹೆಸರಿರುತ್ತದೆ. ಸಾಲುಗಳು ಮೇಲಿಂದ ಕೆಳಗೆ ಓಡುವುದರಿಂದ ಕ್ರಮ ತಪ್ಪಬಾರದು. ಬೆರಳಚ್ಚಿನ ಸಾಲು ಮೇಲೆ, ‘ಸಫಿಶಿಯೆಂಟ್’ (ಇದೊಂದೇ ಸಾಕು) ಎಂದು. ಕೆಳಗೆ ಪಾಸ್‌ವರ್ಡ್, ‘ರಿಕ್ವೈರ್ಡ್’ (ಇದು ಬೇಕೇ ಬೇಕು) ಎಂದು. ಬೆರಳು ಒಪ್ಪಿದರೆ ಅಲ್ಲಿಗೇ ಮುಗಿಯಿತು, ಇಲ್ಲವಾದರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಜೊತೆ ಮೊಬೈಲ್ ಆ್ಯಪ್ ತೋರಿಸುವ ಆರು ಅಂಕಿಯ ಕೋಡೂ ಬೇಕೆಂದರೆ ಎರಡೂ ‘ರಿಕ್ವೈರ್ಡ್’ ಆಗಬೇಕು. ಕೋಡಿನ ಸಾಲನ್ನು ‘ಸಫಿಶಿಯೆಂಟ್’ ಮಾಡಿ ಮೇಲಿಟ್ಟರೆ ಬರೀ ಆರು ಅಂಕಿಗೇ ಬಾಗಿಲು ತೆರೆದುಕೊಳ್ಳುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಕೋಡ್ ಒಪ್ಪದಿದ್ದರೆ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿ, ಆಮೇಲೆ ಮೊಬೈಲನ್ನು ಬೈಯಿರಿ. ಕೋಡ್ ಹುಟ್ಟುವುದೇ ಸಮಯದಿಂದ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಗಡಿಯಾರ ನಡೆಸುವ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಸೆಲ್ ಬದಲಿಸಿ, ನೆಟ್‌ವರ್ಕ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಆನ್ ಮಾಡಿ.

ಫೈಲ್ ತಿದ್ದುವ ಮುಂಚೆ ನಕಲು ತೆಗೆದಿಡಿ, ಪೂರ್ಣ ಅಧಿಕಾರದ ಒಂದು ರೂಟ್ ಟರ್ಮಿನಲ್ ತೆರೆದೇ ಇರಲಿ. ಹೊಸ ಲಾಗಿನ್ ಇನ್ನೊಂದು ಟರ್ಮಿನಲ್‌ನಲ್ಲಿ ಪರೀಕ್ಷಿಸಿದ ಮೇಲಷ್ಟೇ ಅದನ್ನು ಮುಚ್ಚಿ. ಮಾಡ್ಯೂಲಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಯಾರೂ ಒಳಗೆ ಹೋಗಲಾಗದೆ, ಪೆನ್‌ಡ್ರೈವಿನಿಂದ ಬೂಟ್ ಮಾಡಿ ತಿದ್ದಬೇಕಾದೀತು.